ಚೌಕಡಿ ಅರಿವೆಯ ಮೇಲೆ ಕಸೂತಿ ಕಲಿತ ಕಥೆ

(ಸಂಘದ ರಜತ ಮಹೋತ್ಸವದ ಮಹಿಳಾ ಗೋಷ್ಠಿಯಲ್ಲಿ ಹೊಲಿಗೆ ವಿಭಾಗದ ಪರವಾಗಿ ಓದಿದ ಭಾಷಣ)



ನಮಗೆ ಹದಿನೈದು ನಿಮಿಷ ಕೊಟ್ಟಿದ್ದೀರಿ. ಸೂಜಿ ಹಿಡಿದ ಕೈಗೆ ಮೈಕು ಹಿಡಿಯುವುದು ಹೊಸದು. ಓದುತ್ತಿರುವವರು ಒಬ್ಬರೇ ಆದರೂ ಈ ಮಾತುಗಳನ್ನು ಹೊಲಿಗೆ ವಿಭಾಗದ ಹೆಣ್ಣುಮಕ್ಕಳೆಲ್ಲ ಮೂರು ಸಂಜೆ ಕೂತು ಸೇರಿಸಿದ್ದೇವೆ. ಅದಕ್ಕೇ "ನಾವು" ಎನ್ನುತ್ತಿದ್ದೇವೆ. ತಪ್ಪಿದ್ದರೆ ಎಲ್ಲರದೂ ತಪ್ಪು.

ಕಾರ್ಯದರ್ಶಿಯವರು "ನಿಮ್ಮ ವಿಭಾಗದ ಸಾಧನೆ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿರಿ" ಎಂದಿದ್ದರು. ಒಳ್ಳೆಯ ಮಾತು ಹೇಳುತ್ತೇವೆ. ಬೆಳ್ಳಿ ಹಬ್ಬದ ದಿನ ಹೇಳಲೋ ಬೇಡವೋ ಎಂದು ಮೂರು ಸಂಜೆಯೂ ಜಗಳಾಡಿದ ಒಂದು ಮಾತು ಇದೆ, ಅದನ್ನೂ ಹೇಳುತ್ತೇವೆ. ಮೊದಲು ಕಲಿತ ಕಥೆ.

ಸಂಘ ಶುರುವಾಗಿ ಆರನೇ ವರ್ಷಕ್ಕೆ ಹೊಲಿಗೆ ವಿಭಾಗ ಬಂತು. ನಾಲ್ಕು ಕಾಲುಮಷೀನು, ಗೋದಾಮಿನ ಪಕ್ಕದ ಸಣ್ಣ ಕೋಣೆ. ಮೊದಲ ಎರಡು ವರ್ಷ ಬರೀ ಲಂಗ, ದಿಂಬಿನ ಚೀಲ, ಮಕ್ಕಳ ಶಾಲೆ ಯೂನಿಫಾರ್ಮು. ಆ ವರ್ಷ ಒಂದು ಶಾಲೆಯ ಅಂಗಿ ನೀಲಿ-ಬಿಳಿ ಚೌಕಡಿಯದಿತ್ತು. ಕತ್ತರಿಸಿ ಉಳಿದ ತುಂಡು ಒಂದು ಗೋಣಿಚೀಲ ತುಂಬಿತ್ತು. ಅದನ್ನು ಏನು ಮಾಡೋದು ಅಂತ ಯಾರಿಗೂ ತೋಚಲಿಲ್ಲ. ಕೌದಿಗೆ ಹಾಕೋಣ ಎಂದರು ಹಿರಿಯರು. ಅಷ್ಟರಲ್ಲಿ ಆರು ತಿಂಗಳ ಹೊಲಿಗೆ ತರಬೇತಿಗೆ ಬಂದ ಶಿಕ್ಷಕಿಯೊಬ್ಬರು ಆ ಚೀಲ ನೋಡಿ, "ಇದು ಕೌದಿಗಲ್ಲ, ಇದು ನಿಮ್ಮ ಪಾಟಿ" ಎಂದರು. ಪಾಟಿ ಎಂದರೆ ಬಳಪದಲ್ಲಿ ಬರೆಯುವ ಕಪ್ಪು ಹಲಗೆ. ನಮ್ಮಲ್ಲಿ ಅರ್ಧ ಜನ ಅದನ್ನು ಹಿಡಿದೇ ಇರಲಿಲ್ಲ.

ಅಂಗಡಿಯವರು ಗಿಂಗ್ಯಾಮ್ ಎನ್ನುವ ಬಟ್ಟೆ ಇದೇ. ಈ ಹೆಸರು ಮಲಯ ಭಾಷೆಯ ಗೆರೆಗೆರೆ ಎಂಬ ಅರ್ಥದ ಶಬ್ದದಿಂದ ಡಚ್ಚರ ಬಾಯಲ್ಲಿ ಹಾದು ಬಂದದ್ದು ಎನ್ನುತ್ತಾರೆ. ನಮಗೆ ಅದು ಚೌಕಡಿ. ಇಳಕಲ್ ಸೀರೆಯ ಮೈಯಲ್ಲೂ ಚೌಕಡಿ ಇದೆ, ಗಂಡಸರ ಲುಂಗಿಯಲ್ಲೂ ಇದೆ. ಆದರೆ ಈ ಅರಿವೆಯಲ್ಲಿ ಒಂದು ವಿಶೇಷ ಉಂಟು. ಹಾಸಿನಲ್ಲಿ ಬಣ್ಣದ ಪಟ್ಟಿ, ಬಿಳಿ ಪಟ್ಟಿ ಒಂದೇ ಅಗಲ, ಹೊಕ್ಕಿನಲ್ಲೂ ಹಾಗೆಯೇ. ಬಣ್ಣದ ಮೇಲೆ ಬಣ್ಣ ಬಿದ್ದಲ್ಲಿ ಕಡುಬಣ್ಣದ ಮನೆ, ಬಿಳಿಯ ಮೇಲೆ ಬಿಳಿ ಬಿದ್ದಲ್ಲಿ ಬಿಳಿ ಮನೆ, ಬಣ್ಣ-ಬಿಳಿ ಕೂಡಿದಲ್ಲಿ ಅರೆಬಣ್ಣದ ಮನೆ. ನಾಲ್ಕು ಮನೆ ಎಣಿಸಿದರೆ ಒಂದು ಕಡು, ಒಂದು ಬಿಳಿ, ಎರಡು ಅರೆ. ಎಲ್ಲಿಂದ ಎಣಿಸಿದರೂ ಲೆಕ್ಕ ತಪ್ಪುವುದಿಲ್ಲ. ಚೌಕಾಬಾರಾ ಆಡಿದವರಿಗೆ ಮನೆ ಎಂದರೆ ಬೇರೆ ಬಿಡಿಸಿ ಹೇಳಬೇಕಿಲ್ಲ.

ಈ ಮೂರು ಬಣ್ಣದ ಮನೆಗಳ ಮೇಲೆ ಮೂರೇ ಹೊಲಿಗೆ. ಮೊದಲನೆಯದು ನಕ್ಷತ್ರ. ಕಡುಬಣ್ಣದ ಮನೆಯಲ್ಲಿ ಬಿಳಿ ದಾರದಿಂದ ಮೂಲೆಯಿಂದ ಮೂಲೆಗೆ ಒಂದು ಕತ್ತರಿ, ಅದರ ಮೇಲೆ ನೆಟ್ಟಗೆ-ಅಡ್ಡಕ್ಕೆ ಒಂದು ಕೂಡು. ನಾಲ್ಕು ಎಳೆತಕ್ಕೆ ಎಂಟು ಕಾಲಿನ ನಕ್ಷತ್ರ. ಎರಡನೆಯದು ಅರೆಬಣ್ಣದ ಮನೆಯಲ್ಲಿ ಒಂದು ನೇರ ಹೊಲಿಗೆ, ಅಷ್ಟೆ. ಮೂರನೆಯದು ಉಂಗುರ. ಯಾವ ಬಿಳಿ ಮನೆಯನ್ನು ನೋಡಿದರೂ ಅದರ ನಾಲ್ಕು ಬದಿಗೆ ನಾಲ್ಕು ಅರೆಬಣ್ಣದ ಮನೆ ಇರುತ್ತವೆ. ಆ ನಾಲ್ಕರ ನೇರ ಹೊಲಿಗೆಗಳು ಬಿಳಿ ಮನೆಯ ಕಡೆಗೆ ಮುಖ ಮಾಡಿ ನಿಂತಿರಬೇಕು. ಸೂಜಿಯನ್ನು ಅರಿವೆಗೆ ಚುಚ್ಚದೆ ಆ ನಾಲ್ಕು ಹೊಲಿಗೆಗಳ ಕೆಳಗೆ ತೂರಿಸಿ ಎರಡು ಸುತ್ತು ತಂದರೆ ಉಂಗುರ ಕೂಡುತ್ತದೆ. ದೂರದಿಂದ ನೋಡಿದವರಿಗೆ ಅರಿವೆಯ ಮೇಲೆ ಲೇಸು ಹಚ್ಚಿದಂತೆ ಕಾಣುತ್ತದೆ. ಕಡುಬಣ್ಣವನ್ನು ಬಿಳಿ ದಾರ ಮುಚ್ಚುತ್ತದಲ್ಲ, ಕಣ್ಣು ಮೋಸ ಹೋಗುತ್ತದೆ.

ಅಮೆರಿಕ ದೇಶದಲ್ಲಿ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಲೇಸು ಕೊಳ್ಳಲಾಗದ ಹೆಣ್ಣುಮಕ್ಕಳ ಮನೆಗಳಲ್ಲಿ ಈ ಕೆಲಸ ಬಹಳ ನಡೆಯಿತಂತೆ. ಅದಕ್ಕೇ ಮುಗ್ಗಟ್ಟಿನ ಲೇಸು ಎಂಬ ಹೆಸರು. ಇನ್ನೊಂದು ಹೆಸರು ಕೋಳಿ ಕೆದರು. ಶಿಕ್ಷಕಿ ಈ ಹೆಸರು ಹೇಳಿದ ದಿನ ನಾವು ನಕ್ಕದ್ದು ಗೋದಾಮಿನ ಹಮಾಲರಿಗೂ ಕೇಳಿಸಿತ್ತು. ನಮ್ಮ ಮೊದಲ ತುಂಡುಗಳನ್ನು ನೋಡಿದವರಿಗೆ ಹೆಸರು ಸರಿಯಾಗೇ ಇದೆ ಅನ್ನಿಸಿರಬೇಕು.

ಕಲಿಯೋದು ಸುಲಭವಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಓದು ಬರದವರಿಗೆ ನಕ್ಷೆಯ ಹಾಳೆ ಹಿಡಿಸಲಿಲ್ಲ. ಆಗ ನಮ್ಮಲ್ಲೇ ಒಬ್ಬರಿಗೆ ಹೊಳೆದದ್ದು ಚುಕ್ಕಿ ರಂಗೋಲಿ. "ಒಂದು, ಮೂರು, ಐದು, ಮೂರು, ಒಂದು" ಎಂದು ಚುಕ್ಕಿ ಇಟ್ಟು ಅಂಗಳದಲ್ಲಿ ಬಿಡಿಸುತ್ತೀವಲ್ಲ, ಅದನ್ನೇ ಕಡುಬಣ್ಣದ ಮನೆಗಳ ಮೇಲೆ ಎಣಿಸಿದೆವು. ಒಟ್ಟು 13 ನಕ್ಷತ್ರ. ನಡುವೆ ಸರಿಯಾಗಿ ನಾಲ್ಕು ಬಿಳಿ ಮನೆ ಸಿಕ್ಕವು, ನಾಲ್ಕು ಉಂಗುರ. ಉಂಗುರಕ್ಕೆ ಬೇಕಾದ ನೇರ ಹೊಲಿಗೆ 12, ಯಾಕೆಂದರೆ ನಡುವಿನ ನಾಲ್ಕು ಹೊಲಿಗೆಗಳು ಎರಡೆರಡು ಉಂಗುರಕ್ಕೆ ಬರುತ್ತವೆ. ಇದು ನಮ್ಮ ಮೊದಲ ಹೂವು. ಹಡಗಲಿಯವರು ನಾವು, ಅದಕ್ಕೆ ಬೇರೆ ಹೆಸರು ಇಡೋದುಂಟೆ? ಮಲ್ಲಿಗೆ ಎಂದೆವು. ನಮ್ಮ ಊರ ಹೂವನ್ನು ಹಡಗಿನಲ್ಲಿ ತುಂಗಭದ್ರೆಯ ಮೇಲೆ ವಿಜಯನಗರಕ್ಕೆ ಕಳಿಸುತ್ತಿದ್ದರು, ಅದಕ್ಕೇ ಹೂವಿನಹಡಗಲಿ ಎಂದು ಹಿರಿಯರು ಹೇಳುವುದನ್ನು ಎಲ್ಲರೂ ಕೇಳಿದ್ದೀರಿ. ಹಡಗಲಿ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಹೂವು ಕಟ್ಟಿ ರೂಢಿಯಿದ್ದವರ ಬೆರಳು ಈ ಕೆಲಸಕ್ಕೆ ಬೇಗ ಹತ್ತಿತು. ಕೌದಿ ಹೊಲಿದು ರೂಢಿಯಿದ್ದವರಿಗೆ ತಡವಾಯಿತು. ಕೌದಿಗೆ ದಾರ ಬಿಗಿಯಾಗಿ ಎಳೆಯಬೇಕು. ಚೌಕಡಿಯ ಮೇಲೆ ಹಾಗೆ ಎಳೆದರೆ ಅರಿವೆ ಮುದುಡಿ, ಚೌಕವೆಲ್ಲ ಸೊಟ್ಟ.

ಕೆಲಸದ ಕೆಲವು ಗುಟ್ಟುಗಳನ್ನು ಇಲ್ಲಿ ಬರೆದಿಡುತ್ತೇವೆ. ಮುಂದೆ ಕಲಿಯುವವರಿಗೆ ಸ್ಮರಣ ಸಂಚಿಕೆಯಲ್ಲಿ ಸಿಕ್ಕಲಿ. ನೇಯುವಾಗಲೇ ಬಣ್ಣದ ನೂಲು ಹಾಕಿದ ಅರಿವೆಯನ್ನೇ ಕೊಳ್ಳಬೇಕು. ಎರಡೂ ಮಗ್ಗುಲು ಒಂದೇ ಥರ ಕಂಡರೆ ಅದು ನೇಯ್ದದ್ದು. ಅಚ್ಚು ಹಾಕಿದ ಚೌಕಡಿಯಲ್ಲಿ ಗೆರೆ ಎಳೆಯ ಗುಂಟ ಹೋಗದೆ ವಾರೆಯಾಗುತ್ತದೆ. ಸ್ಕೇಲು ಇಟ್ಟು ಉದ್ದಕ್ಕೆ ಹತ್ತು ಮನೆ, ಅಡ್ಡಕ್ಕೆ ಹತ್ತು ಮನೆ ಅಳೆದು ನೋಡಬೇಕು. ಎರಡೂ ಸಮ ಬರದಿದ್ದರೆ ನಿಮ್ಮ ಉಂಗುರ ಮೊಟ್ಟೆಯಾಗುತ್ತದೆ. ಕಾಲು ಇಂಚಿನ ಮನೆ ಕಲಿಯುವವರಿಗೆ ಸರಿ, ಅರ್ಧಪಾವು ಇಂಚಿನದು ಕಣ್ಣಿದ್ದವರಿಗೆ. ಆಂಕರ್ ದಾರದ ಲಡಿ 8 ಮೀಟರು, ಒಳಗೆ ಆರು ಎಳೆ. ಕಾಲು ಇಂಚಿಗೆ ಮೂರು ಎಳೆ ಬಿಡಿಸಿಕೊಂಡರೆ ಸಾಕು. ಮೊಳಕ್ಕಿಂತ ಉದ್ದ ದಾರ ಪೋಣಿಸಬಾರದು, ಸಿಕ್ಕು ಬೀಳುತ್ತದೆ. ಎಲ್ಲಾ ನಕ್ಷತ್ರಗಳಲ್ಲೂ ಕೊನೆಗೆ ಬೀಳುವ ಎಳೆ ಒಂದೇ ದಿಕ್ಕಿಗೆ ಇರಬೇಕು. ಇದೊಂದು ತಪ್ಪಿದರೆ ದೂರಕ್ಕೆ ಕಾಣೋದಿಲ್ಲ, ಹತ್ತಿರಕ್ಕೆ ಬಂದವರು ಕೈಯಿಂದ ಕೆಳಗಿಡುತ್ತಾರೆ.

ಬೆನ್ನಿನ ವಿಷಯ ಮಾತ್ರ ನಮಗೆ ಶಿಕ್ಷಕಿ ಕಲಿಸಲಿಲ್ಲ. ಅದನ್ನು ಕಲಿಸಿದವರು ಬೇರೆ.

ಒಂದು ದಿನ ಪಕ್ಕದ ತಾಂಡಾದಿಂದ ಒಬ್ಬ ಅವ್ವ ಗೊಬ್ಬರದ ಚೀಟಿಗೆ ಸಂಘಕ್ಕೆ ಬಂದಿದ್ದರು. ಸಾಲು ಉದ್ದವಿತ್ತು, ನಮ್ಮ ಕೋಣೆಯ ಕಟ್ಟೆಗೆ ಕೂತರು. ನಾವು ಹೆಮ್ಮೆಯಿಂದ ನಮ್ಮ ಮಲ್ಲಿಗೆ ತೋರಿಸಿದೆವು. ಅವರು ಮುಂದಿನ ಮಗ್ಗುಲು ನೋಡಲೇ ಇಲ್ಲ. ಇಸಗೊಂಡವರೇ ಬೋರಲು ಹಾಕಿ ಬೆನ್ನು ನೋಡಿದರು. ಗಂಟು, ಉದ್ದುದ್ದ ಜಿಗಿದ ದಾರ, ಕತ್ತರಿಸದ ಬಾಲ. "ಹಿಂದ ಹಿಂಗ ಇದ್ರ ಮುಂದ ಎಷ್ಟು ದಿನಾ ಇರ್ತೈತಿ?" ಎಂದರು. ಅಷ್ಟೇ ಮಾತು. ಅವತ್ತಿನಿಂದ ನಾವು ಅವರನ್ನು ಯಾಡಿ ಎಂದು ಕರೆಯುತ್ತೇವೆ. ಅವರ ಭಾಷೆಯಲ್ಲಿ ತಾಯಿ.

ಲಂಬಾಣಿ ತಾಯಂದಿರು ಫೇಟ್ಯಾ, ಕಾಂಚಳಿಗೆ ಹಾಕುವ ಕಸೂತಿಯಲ್ಲಿ ಹದಿನಾಲ್ಕರಷ್ಟು ಬಗೆಯ ಹೊಲಿಗೆಗಳಿಗೆ ಹೆಸರಿವೆ: ಕಿಲಾನ್, ವೇಲೆ, ಮಾಕಿ, ಜಾಲ್ಯಾ, ಪೋಟೆ ಹೀಗೆ. ಕನ್ನಡಿ, ಕವಡೆ ಬೇರೆ. ನಕ್ಷೆ ಇಲ್ಲ, ಗೆರೆ ಇಲ್ಲ, ಚೌಕಡಿಯಂತೂ ಇಲ್ಲವೇ ಇಲ್ಲ. ಕಣ್ಣಳತೆ, ಎಳೆಯ ಲೆಕ್ಕ. ಧಾರವಾಡದ ಕಡೆಯ ಕಸೂತಿಯಲ್ಲೂ ಹಾಗೆಯೇ; ಗವಂತಿ, ಮುರಗಿ, ನೇಯ್ಗೆ, ಮೆಂತೆ ನಾಲ್ಕೂ ಎಳೆ ಎಣಿಸಿ ಹಾಕುವವು, ಗಂಟು ಹಾಕುವಂತಿಲ್ಲ, ಗವಂತಿಯಂತೂ ಹಿಂದೆ-ಮುಂದೆ ಒಂದೇ ಆಗಿ ಕಾಣಬೇಕು. ಹಿಂದೆ ಮದುಮಗಳ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ತೇರು, ಗೋಪುರ, ತುಳಸಿಕಟ್ಟೆ ತೆಗೆಯುತ್ತಿದ್ದದ್ದು ಹೀಗೇ. ನಮ್ಮಲ್ಲೊಬ್ಬರ ಅತ್ತೆಗೆ ಗವಂತಿ ಬರುತ್ತಿತ್ತು. ನಮ್ಮ ಚೌಕಡಿ ನೋಡಿ ಅವರು, "ಎಣಸಾಕ ಮನಿ ಬೇಕೇನ್ರವ್ವಾ ನಿಮಗ? ತೊಟ್ಟಿಲ ಹಿಡದು ನಡ್ಯಾಕ ಹತ್ತೀರಿ" ಎಂದು ನಗುತ್ತಿದ್ದರು. ಅದು ನಿಜ. ಚೌಕಡಿ ನಮಗೆ ತೊಟ್ಟಿಲು. ಆದರೆ ಹಿಡಿದು ನಡೆದದ್ದರಿಂದಲೇ ನಮ್ಮಲ್ಲಿ ನಾಲ್ಕು ಜನ ಈಗ ಬರೀ ಅರಿವೆಯ ಮೇಲೆ ಮೆಂತೆ ಹಾಕುತ್ತಾರೆ. ಇಬ್ಬರು ಯಾಡಿಯ ಹತ್ತಿರ ಕನ್ನಡಿ ಕೂರಿಸುವುದನ್ನು ಕಲಿತರು.

ಯಾಡಿಯ ಜೊತೆ ತಾಂಡಾದ ಇನ್ನೂ ಆರು ಜನ ಬಂದರು. ಆವಾಗ ಸಂಘದ ಕಾರ್ಯಕ್ಷೇತ್ರದಲ್ಲಿ ತಾಂಡಾ ಇರಲಿಲ್ಲ. ಬೈಲಾ ತಿದ್ದುಪಡಿಯಾಗಿ ಅವರು ಷೇರುದಾರರಾಗಲು ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷವೂ ಕಲಿಸಿದವರ ಹೆಸರು ಕೂಲಿ ಪುಸ್ತಕದಲ್ಲಿ, ಕಲಿತ ನಮ್ಮ ಹೆಸರು ಸದಸ್ಯರ ಪುಸ್ತಕದಲ್ಲಿ. ಯುಗಾದಿಗೆ ಲಾಭಾಂಶ ನಮಗೆ ಬಂತು, ಅವರಿಗೆ ಬರಲಿಲ್ಲ. ನಾವೂ ಗಟ್ಟಿಯಾಗಿ ಕೇಳಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಇನ್ನು ಕೆಂಪು ಅರಿವೆಯ ವಿಷಯ.

ದೊಡ್ಡ ಊರಿನ ಅಂಗಡಿಯೊಂದು ಮೊದಲ ಸಲ ನಮಗೆ ದೊಡ್ಡ ಕೆಲಸ ಕೊಟ್ಟಿತು. ಊಟದ ಮೇಜಿಗೆ ಹಾಸುವ ಮ್ಯಾಟು, ಹನ್ನೆರಡು ಇಂಚು ಅಗಲ, ಹದಿನೆಂಟು ಇಂಚು ಉದ್ದ, ಕೆಂಪು ಚೌಕಡಿಯ ಮೇಲೆ ಬಿಳಿ ಮಲ್ಲಿಗೆ, ನಾಲ್ಕು ಮೂಲೆಗೆ ನಾಲ್ಕು, ಅಂಚಿಗೆ ನಕ್ಷತ್ರದ ಒಂದು ಸಾಲು. ಇನ್ನೂರು ಮ್ಯಾಟು. ಅರಿವೆ ತಂದವರು ಸಂಘದವರು. ಮಾರಿದವರು ಪಕ್ಕಾ ಬಣ್ಣ ಎಂದಿದ್ದರು. ನಾವು ಪರೀಕ್ಷೆ ಮಾಡಲಿಲ್ಲ. ಗಡಿಬಿಡಿಯಲ್ಲಿ ಸೀದಾ ಸೂಜಿ ಹಿಡಿದೆವು. ಎರಡು ತಿಂಗಳು ಹೊಲಿದೆವು. ದೀಪಾವಳಿಗೆ ಮುಂಚೆ ಕಳಿಸಬೇಕಿತ್ತು. ಕೈಯ ಜಿಡ್ಡು ಹೋಗಲೆಂದು ಕೊನೆಗೆ ಒಂದು ನೀರು ಹಾಕಿದೆವು ನೋಡಿ, ಬಾನಿಯ ನೀರು ಕುಂಕುಮದ ನೀರಾಯಿತು. ಬಿಳಿ ಮಲ್ಲಿಗೆಗಳೆಲ್ಲ ಗುಲಾಬಿ. ಒಂದೆರಡಲ್ಲ, ಮೊದಲ ಗಂಟಿನಲ್ಲಿದ್ದ ಅರವತ್ತೂ. ಉಳಿದವನ್ನು ತೊಳೆಯದೆ ಕಳಿಸಿದರೆ ಕೊಂಡವರ ಮನೆಯಲ್ಲಿ ಇದೇ ಗತಿ. ಅಂಗಡಿಯವರಿಗೆ ನಿಜ ಹೇಳಿದೆವು. ಅವರು ಮಾಲು ಬೇಡ ಎಂದರು. ಅವರ ಮೇಲೆ ನಮಗೆ ಸಿಟ್ಟಿಲ್ಲ.

ನಷ್ಟ ಯಾರು ಹೊರಬೇಕು ಎಂದು ಆಡಳಿತ ಮಂಡಳಿಯ ಸಭೆ ಕೂಡಿತು. ಅರಿವೆ ಖರೀದಿ ಸಂಘದ್ದು, ತೊಳೆದು ನೋಡದೇ ಇದ್ದದ್ದು ನಮ್ಮದು, ಆದ್ದರಿಂದ ಕೂಲಿಯಲ್ಲಿ ಅರ್ಧ ಹಿಡಿಯುವುದು ಎಂದು ತೀರ್ಮಾನವಾಯಿತು. ಇದ್ದದ್ದನ್ನು ಹೇಳುತ್ತಿದ್ದೇವೆ, ಯಾರನ್ನೂ ಆಡಿಕೊಳ್ಳಲು ಅಲ್ಲ. ಉಳಿದ ಅರ್ಧ ಕೂಲಿಯೂ ಕೈಗೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅಷ್ಟರಲ್ಲಿ ತಾಂಡಾದ ಏಳು ಜನರಲ್ಲಿ ಮೂವರು ಮಂಡ್ಯದ ಕಡೆ ಕಬ್ಬು ಕಡಿಯಲು ಗುಳೆ ಹೋಗಿಬಿಟ್ಟಿದ್ದರು. ಒಬ್ಬಾಕೆಯ ಮಗಳು ನಾಲ್ಕನೇ ಇಯತ್ತೆ ಓದುತ್ತಿದ್ದಳು. ಅವಳನ್ನೂ ಕರೆದುಕೊಂಡು ಹೋದರು, ಕೂಸು ನೋಡಿಕೊಳ್ಳಲು. ಮಳೆಗಾಲಕ್ಕೆ ಎಲ್ಲರೂ ತಿರುಗಿ ಬಂದರು. ಹುಡುಗಿ ಶಾಲೆಗೆ ತಿರುಗಿ ಹೋಗಲಿಲ್ಲ. ಈಗ ಅವಳಿಗೂ ಎರಡು ಮಕ್ಕಳು. ಕೈ ಬಹಳ ಚಲೋ ಅದೆ ಅವಳದು, ಇವತ್ತು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಈ ಮಾತು ಹೇಳಬಹುದೋ ಎಂದು ಅವಳನ್ನು ಕೇಳಿಯೇ ಹೇಳುತ್ತಿದ್ದೇವೆ.

ಆಮೇಲೆ ನಾವು ಹಟ ಹಿಡಿದು ಎಣಿಸುವುದಕ್ಕೆ ಶುರು ಮಾಡಿದೆವು. ಮನೆ ಎಣಿಸಲು ಕಲಿತಿದ್ದೆವಲ್ಲ, ತಾಸು ಎಣಿಸಿದೆವು. ಒಂದು ಮಲ್ಲಿಗೆಗೆ 13 ನಕ್ಷತ್ರ, ನಕ್ಷತ್ರಕ್ಕೆ ನಾಲ್ಕರಂತೆ 52 ಹೊಲಿಗೆ, ನೇರದ್ದು 12, ಕೂಡಿ 64. ನಾಲ್ಕು ಮೂಲೆಗೆ 256, ಮೇಲೆ 16 ಉಂಗುರ. ಅಂಚಿನ ಸಾಲು, ಮಡಚಿ ಹೊಲಿಯುವುದು, ಬೆನ್ನು ಶುದ್ಧ ಮಾಡುವುದು ಎಲ್ಲಾ ಸೇರಿ ಒಂದು ಮ್ಯಾಟಿಗೆ ಗಡಿಯಾರ ಇಟ್ಟು ನೋಡಿದರೆ ನಾಲ್ಕೂವರೆ ತಾಸು. ನಮಗೆ ಆಗ ಕೊಡುತ್ತಿದ್ದದ್ದು 30 ರೂಪಾಯಿ. ತಾಸಿಗೆ ಏಳು ರೂಪಾಯಿಯೂ ಬೀಳಲಿಲ್ಲ. ಕಳೆ ತೆಗೆಯಲು ಹೋದರೆ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು, ಅದೂ ಅವತ್ತಿನ ಸಂಜೆಗೇ. "ಮನೆಯಲ್ಲಿ ಕೂತು ಮಾಡುವ ಕೆಲಸ, ಹೊತ್ತು ಹೋಗಲಿಕ್ಕೆ ಆಯ್ತು" ಎನ್ನುವವರು ಇನ್ನೂ ಇದ್ದಾರೆ. ಹೊತ್ತು ತಾನಾಗಿಯೇ ಹೋಗುತ್ತದೆ, ಅದಕ್ಕೆ ಸೂಜಿ ಬೇಕಾಗಿಲ್ಲ.

ಆ ಲೆಕ್ಕದ ಹಾಳೆಯನ್ನು ಸಭೆಗೆ ತಂದಿಟ್ಟೆವು. ಅಂದಿನ ಅಧ್ಯಕ್ಷರು ಎರಡು ಸಲ ಓದಿದರು, ಮೂರನೇ ಸಲ ಒಂದು ಮ್ಯಾಟು ತರಿಸಿ ತಾವೇ ನಕ್ಷತ್ರ ಎಣಿಸಿದರು. ದರ ಏರಿತು. ಇದನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ತೊಳೆಯುವ ನಿಯಮವೂ ಆವತ್ತಿನಿಂದ ಬಂತು. ಅರಿವೆ ಬಂದ ಕೂಡಲೇ ಒಂದು ರಾತ್ರಿ ನೀರಲ್ಲಿ ನೆನೆಹಾಕುವುದು, ಒಂದು ತುಂಡಿನ ಮೇಲೆ ಹಸಿ ಬಿಳಿ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಒತ್ತಿ ನೋಡುವುದು. ಬಿಳಿಯದಕ್ಕೆ ಬಣ್ಣ ಹತ್ತಿದರೆ ಆ ತಾನು ವಾಪಸ್ಸು. ನೆನೆಹಾಕಿದರೆ ಇನ್ನೊಂದು ಲಾಭ, ಅರಿವೆ ಮೊದಲೇ ಜಗ್ಗಿಕೊಂಡು ಬಿಡುತ್ತದೆ, ಹೊಲಿದ ಮೇಲೆ ಮುದುಡುವುದಿಲ್ಲ. ಆಮೇಲೆ ಇಂದಿನವರೆಗೆ ಒಂದು ಮಾಲೂ ಬಣ್ಣದ ಸಲುವಾಗಿ ತಿರುಗಿ ಬಂದಿಲ್ಲ.

ದರ ಸರಿಯಾಯಿತು. ದುಡ್ಡು ಬರುವ ದಿನ ಸರಿಯಾಗಲಿಲ್ಲ. ನಾವು ಮೂರು ಸಂಜೆ ಜಗಳಾಡಿದ ಮಾತು ಇದು.

ಇವತ್ತು ನಾವು ಮಾಲು ಒಪ್ಪಿಸಿದರೆ ಸಂಘ ಅದನ್ನು ಅಂಗಡಿಗೆ ಕಳಿಸುತ್ತದೆ. ಅಂಗಡಿಯವರು ಎರಡು ತಿಂಗಳಿಗೋ ಮೂರು ತಿಂಗಳಿಗೋ ಕೊಡುತ್ತಾರೆ. ಸಣ್ಣ ಉದ್ದಿಮೆಯವರಿಗೆ 45 ದಿನದೊಳಗೆ ದುಡ್ಡು ಕೊಡಬೇಕೆಂದು 2006ರ ಕಾನೂನು ಇದೆ ಎಂದು ಲೆಕ್ಕಪರಿಶೋಧಕರು ತಿಳಿಸಿದರು. ಅದನ್ನು ಕೇಳಿ ಪತ್ರ ಬರೆಯಬೇಕೆಂಬುದು ನಮ್ಮ ಮೊದಲ ಅರಿಕೆ. ಆದರೆ 45 ದಿನವೂ ಒಂದು ಮನೆಗೆ ಬಹಳ ದಿನ. ಜೋಳ ಮುಗಿದ ಮನೆ ಹದಿನೈದು ದಿನವೂ ಕಾಯುವುದಿಲ್ಲ. ಆ ಹೊತ್ತಿಗೆ ಮುಂಗಡ ಹಿಡಿದುಕೊಂಡು ಮೇಸ್ತ್ರಿ ಬಾಗಿಲಿಗೆ ಬರುತ್ತಾನೆ. ಕಬ್ಬಿಗೆ ಹೋಗುವವರಿಗೆ ಕಾಫಿ ತೋಟಕ್ಕೆ ಹೋಗುವವರಿಗೆ ದುಡ್ಡು ಮೊದಲು, ದುಡಿಮೆ ಆಮೇಲೆ. ನಮ್ಮಲ್ಲಿ ದುಡಿಮೆ ಮೊದಲು, ದುಡ್ಡು ಯಾವಾಗಲೋ. ಹೆಣ್ಣುಮಗಳು ಯಾವುದನ್ನು ಹಿಡಿಯಬೇಕು ಹೇಳಿ. ಗುಳೆ ಹೋಗುವವರಿಗೆ ಕೆಲಸ ಬೇಡವಾಗಿದೆ ಎಂದು ಕೆಲವರು ಹೇಳುತ್ತಾರೆ. ಅವರ ಪೆಟ್ಟಿಗೆಯಲ್ಲಿ ಅರ್ಧ ಹೊಲಿದ ಮ್ಯಾಟು ಇರುವುದನ್ನು ನಾವು ನೋಡಿದ್ದೇವೆ. ಕಬ್ಬಿನ ಗುಡಿಸಲಿನಲ್ಲಿ ದೀಪವಿರಲಿಲ್ಲ, ಹಾಗೇ ಮಡಚಿ ತಂದರು.

ಈಗ ಸಂಘದ ಗೋದಾಮಿನ ಕಡೆ ಸ್ವಲ್ಪ ನೋಡಿರಿ. ಮೆಕ್ಕೆಜೋಳ ಬೆಳೆದ ರೈತ ಧಾರಣೆ ಬಿದ್ದಾಗ ಮಾರದೆ ಚೀಲಗಳನ್ನು ತಂದು ಇಲ್ಲಿ ಇಟ್ಟರೆ ಸಂಘ ಅವನಿಗೆ ಅಡಮಾನ ಸಾಲ ಕೊಡುತ್ತದೆ. ಮಾಲು ಮಾರಿದ ಮೇಲೆ ಮುರಿದುಕೊಳ್ಳುತ್ತದೆ. ಒಳ್ಳೆಯ ಪದ್ಧತಿ. ನಮ್ಮ ಗಂಡಂದಿರೂ ಅದರ ಉಪಯೋಗ ಪಡೆದಿದ್ದಾರೆ. ಅದೇ ಗೋದಾಮಿನ ಪಕ್ಕದ ಕೋಣೆಯ ಬೀರುವಿನಲ್ಲಿ, ಹೊಲಿದು ಮುಗಿಸಿ, ಎಣಿಸಿ, ಬೆನ್ನು ನೋಡಿ ಪಾಸು ಮಾಡಿದ ಮ್ಯಾಟುಗಳು ಇರುತ್ತವೆ. ಅವುಗಳಿಗೆ ಗಿರಾಕಿ ಗೊತ್ತು, ದರ ಗೊತ್ತು, ಇಲಿ ತಿನ್ನುವುದಿಲ್ಲ, ಹುಳ ಹತ್ತುವುದಿಲ್ಲ, ಧಾರಣೆ ರಾತ್ರೋರಾತ್ರಿ ಬೀಳುವುದಿಲ್ಲ. ಮೆಕ್ಕೆಜೋಳದ ಚೀಲಕ್ಕೆ ಕೊಡುವ ಅಡಮಾನ ಸಾಲವನ್ನು ಕಸೂತಿ ಮಾಲಿಗೆ ಯಾಕೆ ಕೊಡಬಾರದು? ಒಪ್ಪಿಸಿದ ದಿನವೇ ಕೂಲಿಯ ಮುಕ್ಕಾಲು ಪಾಲು ಕೊಡಿರಿ, ಅಂಗಡಿಯಿಂದ ಬಂದ ಮೇಲೆ ಉಳಿದದ್ದು. ಬಡ್ಡಿ ಬೇಕಾದರೆ ಹಾಕಿರಿ, ಅದನ್ನು ದರದಲ್ಲೇ ಸೇರಿಸಿ ಅಂಗಡಿಯವರಿಗೆ ಹೇಳುತ್ತೇವೆ.

ಇದು ಹೊಸ ವಿಚಾರವೂ ಅಲ್ಲ. ಹೊಳೆ ದಾಟಿದರೆ ಗದಗಿನ ಸೀಮೆ. ಅಲ್ಲಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ಪ್ರತಿವರ್ಷ ಸಹಕಾರ ಸಪ್ತಾಹದಲ್ಲಿ ನೀವೇ ನಮಗೆ ಹೇಳುತ್ತೀರಿ. ಸಾಹುಕಾರನ ಮುಂಗಡಕ್ಕೆ ರೈತ ಕೈಯೊಡ್ಡಬಾರದು ಎಂದೇ ಸಹಕಾರದ ಸಾಲ ಬಂದದ್ದು. ಸಾಹುಕಾರನ ಜಾಗದಲ್ಲಿ ಮೇಸ್ತ್ರಿಯನ್ನು, ರೈತನ ಜಾಗದಲ್ಲಿ ನಮ್ಮನ್ನು ಇಟ್ಟು ನೋಡಿರಿ.

ಸೊಂಡೂರಿನ ಉದಾಹರಣೆ ಕೊಡದೆ ಮುಗಿಸಲಾಗದು. ಅಲ್ಲಿಯ ಕುಶಲ ಕಲಾ ಕೇಂದ್ರದವರು 1980ರ ದಶಕದಿಂದ ಲಂಬಾಣಿ ಕಸೂತಿಯ ಕೆಲಸ ನಡೆಸಿಕೊಂಡು ಬಂದಿದ್ದಾರೆ. ಆ ಕಸೂತಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ತಾಯಂದಿರು ಮಾಡಿದ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ನಾವು ಟೀವಿಯಲ್ಲಿ ನೋಡಿದೆವು. ಯಾಡಿಯವರೂ ನಮ್ಮ ಜೊತೆ ಕೂತು ನೋಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರೆ ಅವರು ಮಾತ್ರ, "ಇಷ್ಟಕ್ಕ ಎಷ್ಟು ದಿನಾ ಹಿಡದಿರಬೇಕು, ರೊಕ್ಕ ಯಾವಾಗ ಕೊಟ್ರಂತ?" ಎಂದು ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ. ಸೊಂಡೂರಿಗೆ ಹೋಗಿ ಅವರ ಪದ್ಧತಿ ಕೇಳಿಕೊಂಡು ಬರಲು ಸಂಘದವರು ಒಂದು ದಿನದ ಬಸ್ಸಿನ ಖರ್ಚು ಮಂಜೂರು ಮಾಡಬೇಕೆಂದು ಈ ಸಂದರ್ಭದಲ್ಲಿ ವಿನಂತಿ. ಜಿಲ್ಲೆ ಈಗ ಬೇರೆಯಾಯಿತು, ನಾವು 2021ರಿಂದ ವಿಜಯನಗರ, ಅವರು ಬಳ್ಳಾರಿ. ಬಸ್ಸಿನ ಹಾದಿ ಮಾತ್ರ ಹಳೆಯದೇ.

ಸಮಯ ಮೀರಿತೆಂದು ಗಂಟೆ ಬಾರಿಸುತ್ತಿದ್ದಾರೆ. ನಮ್ಮ ಬೇಡಿಕೆಯನ್ನು ಬರೆದು, ಹದಿನೇಳು ಜನ ಸಹಿ ಮಾಡಿ, ಹೆಬ್ಬೆಟ್ಟು ಒತ್ತಿ ಅಧ್ಯಕ್ಷರ ಕೈಗೆ ಬೆಳಿಗ್ಗೆಯೇ ಕೊಟ್ಟಿದ್ದೇವೆ. ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ ಅದನ್ನು ಸೇರಿಸಬೇಕು. ಗಂಡಸರು ಬಹಳ ಜನ ಇದ್ದೀರಿ, ಅವತ್ತು ಊಟ ಆದ ಮೇಲೆ ಎದ್ದು ಹೋಗಬೇಡಿ, ಕೈ ಎತ್ತಲು ಉಳಿಯಿರಿ.

ಗೋದಾಮಿನ ಪಕ್ಕದ ಕೋಣೆಯಲ್ಲಿ ನಮ್ಮ ಮಾಲಿನ ಪ್ರದರ್ಶನ ಇಟ್ಟಿದ್ದೇವೆ. ಮೊದಲ ವರ್ಷದ ಕೋಳಿ ಕೆದರಿದ ತುಂಡುಗಳಿವೆ, ಬಣ್ಣ ಬಿಟ್ಟ ಕೆಂಪು ಮ್ಯಾಟೊಂದನ್ನೂ ತೂಗುಹಾಕಿದ್ದೇವೆ, ಈ ವರ್ಷದವೂ ಇವೆ. ಕೈ ತೊಳೆದುಕೊಂಡು ಬಂದರೆ ಮುಟ್ಟಬಹುದು. ಬೆನ್ನು ತಿರುಗಿಸಿಯೂ ನೋಡಿರಿ, ಯಾಡಿ ಅಲ್ಲೇ ಕೂತಿರುತ್ತಾರೆ.